ಅಂಗಿಯ ಋಣ

“ತಲೆ ನೆಟ್ಟಗೆ ಮಾಡ್ಲಾ ನಂಜುಂಡ, ಒಂದ್ಕಡೀಕೆ ವಾಲ್ಕೊಂಡದೆ.”

“ಆಗ್ತಿಲ್ಲ ಕಣಪ್ಪ. ಅಂಗೇ ನಿಂತ್ಬುಟ್ಟದೆ.”

ವೀರಭದ್ರಸ್ವಾಮಿ ಮಗನನ್ನು ಪಕ್ಕಕ್ಕೆ ಸರಿಸಿ ತಾನೇ ತಮ್ಮನ ಗದ್ದಕ್ಕೆ ಕೈ ಕೊಟ್ಟು ನೋಡಿದ. ಬಗ್ಗಲಿಲ್ಲ. ಬೆಟ್ಟಸ್ವಾಮಿಯ ಕುತ್ತಿಗೆ ಎಡಕ್ಕೆ ತುಸು ಓರೆಯಾಗಿ, ಗದ್ದ ಕೆಳಗಾಗಿ, ಪಕ್ಕದಲ್ಲಿ ಏನನ್ನೋ ನೋಡುತ್ತಿರುವ ಹಾಗೆ ಬಿಗಿದುಕೊಂಡಿತ್ತು. ಬೆಳಿಗ್ಗೆ ಮೈ ತೊಳೆಸಿ, ಹೊಸ ಪಂಚೆ ಉಡಿಸಿ, ಜಗಲಿಯ ಗೋಡೆಗೆ ಒರಗಿಸಿ ಮಣೆಯ ಮೇಲೆ ಕೂರಿಸಿದ್ದರು. ಅವರ ಪೈಕಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸುತ್ತಾರೆ, ಕೂತ ಹಾಗೆಯೇ ಹೊತ್ತುಕೊಂಡು ಹೋಗುತ್ತಾರೆ, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ನೋಡಲು ಬಂದವರಿಗೆ ಯಜಮಾನ ಎದುರಿಗೆ ಕೂತು ಮಾತಾಡಿಸುವ ಹಾಗೆ ಕಾಣಬೇಕು ಎಂಬುದು ವೀರಭದ್ರಸ್ವಾಮಿಯ ಆಸೆ. ಇವನು ನೋಡಿದರೆ ಬಂದವರ ಕಡೆಗೇ ನೋಡುತ್ತಿಲ್ಲ.

“ವಸ್ತ್ರದಲ್ಲಿ ಬಿಗಿದು ಮೊಳೆಗೆ ಕಟ್ಟಾನ,” ಎಂದ ನಂಜುಂಡೇಶ್.

“ಬೇಡ. ಅಂಗೇ ಇರ್ಲಿ ಬುಡಿ,” ಎಂದಳು ಶಿವರುದ್ರಮ್ಮ.

ಕಂಬದ ಬುಡದಲ್ಲಿ ಕೂತಿದ್ದ ಅವಳು ರಾತ್ರಿಯಿಂದ ಆಡಿದ ಮೊದಲನೆಯ ಪೂರ್ತಿ ಮಾತು ಅದು. ಎಲ್ಲರೂ ಅವಳ ಕಡೆ ತಿರುಗಿದರು. ಗಂಡನ ಕುತ್ತಿಗೆ ಯಾಕೆ ಹಾಗೆ ನಿಂತಿದೆ ಎಂದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಒರಗಿ ಕೂತು, ಎಡಗಡೆಯಲ್ಲಿ ನೀರಿನ ಚೊಂಬಿಗೆ ಮೊಬೈಲನ್ನು ಆನಿಸಿಟ್ಟು, ಬೆಟ್ಟಸ್ವಾಮಿ ಈ ವರ್ಷವಿಡೀ ನೋಡುತ್ತಿದ್ದದ್ದು ಹೀಗೆಯೇ.

“ಮರಿಯಯ್ಯ ಎಲ್ಲಿ?” ಎಂದು ಅವಳು ಕೇಳಿದಳು.

“ಗುಂಡಿ ತೆಗೀತಾವ್ನೆ ಕಣ್ ಚಿಕ್ಕವ್ವ, ಒಲದತ್ರ.”

“ಒಂಚೂರು ಕರೀರಿ ಅವ್ನ.”

ವೀರಭದ್ರಸ್ವಾಮಿ ತಲೆಯಾಡಿಸಿದ. “ಅದೆಂಗ್ ಬತ್ತಾನವ್ವ? ತೆಗೆದ್ ಗುಂಡಿ ಬುಟ್ಟು ಬರಾಂಗಿಲ್ಲ. ಮಣ್ಣಾಗಾಗಂಟ ಅಲ್ಲೇ ಇರ್ಬೇಕು.”

ಅದು ಅವಳಿಗೂ ಗೊತ್ತಿದ್ದ ಪದ್ಧತಿಯೇ. ಬಾಯಿ ತೆರೆದ ಗುಂಡಿಯನ್ನು ಒಂಟಿ ಬಿಡಬಾರದು, ತೋಡಲು ಶುರು ಮಾಡಿದವನು ಅಲ್ಲಿಂದ ಕದಲಬಾರದು. ಹೆಣದ ಪಕ್ಕದಿಂದ ಹೆಂಡತಿಯೂ ಕದಲಬಾರದು. ಇನ್ನು ಮೆರವಣಿಗೆ ಹೊರಟ ಮೇಲೂ ಆ ಮನೆತನದ ಹೆಂಗಸರು ಹೊಲದ ಬಾವಿಯವರೆಗೆ ಮಾತ್ರ. ಗುಂಡಿ ಇರುವುದು ಬಾವಿಯಿಂದ ಆಚೆ. ಹೇಗೆ ಲೆಕ್ಕ ಹಾಕಿದರೂ ಅವಳಿಗೆ ಮರಿಯಯ್ಯ ಸಿಗುವ ಹಾಗಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದೇ. ನಿನ್ನೆ ಸಂಜೆ ಗಂಡ ಮನೆಯಿಂದ ಹೊರಡುವಾಗ ಅವಳು ಒಂದು ಮಾತು ಆಡಿದ್ದಳು. ಅವನು ತಿರುಗಿ ಏನೂ ಅನ್ನಲಿಲ್ಲ, ಬಗ್ಗಿಸಿಟ್ಟ ಕಾಫಿಯನ್ನೂ ಮುಟ್ಟದೆ ಬ್ಯಾರನ್ನಿನ ಕಡೆ ನಡೆದ. ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಮರಿಯಯ್ಯನೂ ನಂಜುಂಡನೂ ಅವನನ್ನು ಟ್ರೇಲರಿನಲ್ಲಿ ತಂದರು. ನಡುವೆ ಅವನ ಜೊತೆ ಇದ್ದದ್ದು ಮರಿಯಯ್ಯ ಒಬ್ಬನೇ. ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ಗಂಡ ಹೋದನೋ, ಇಲ್ಲವೋ? ಹೇಳಬಲ್ಲವನು ಅವನೊಬ್ಬನೇ.

ಅವಳು ಆಡಿದ ಮಾತು ಇದು: “ನೀವು ಸತ್ರೆ ಆ ನಿಮ್ ಉರುಗ್ವೆಯವ್ರು ಬತ್ತಾರಾ, ಒಂದಿಡಿ ಮಣ್ಣಾಕಕ್ಕೆ?”

*

ಉರುಗ್ವೆ ಆ ಮನೆಯೊಳಗೆ ಬಂದದ್ದು ಒಂದು ಹಳೆ ಅಂಗಿಯ ಹಿಂದೆ.

ಮಗಳು ಪುಷ್ಪಾಳನ್ನು ಬೀಚನಹಳ್ಳಿಗೆ ಕೊಟ್ಟಿತ್ತು. ಅಲ್ಲೇ ಹಿನ್ನೀರಿನ ದಡದ ಒಂದು ರೆಸಾರ್ಟಿನಲ್ಲಿ ಅವಳಿಗೆ ಕೆಲಸ. ಎರಡು ವರ್ಷದ ಹಿಂದೆ ಅವಳನ್ನು ನೋಡಿಕೊಂಡು ಬರುವಾಗ ಬೆಟ್ಟಸ್ವಾಮಿ ಅಂತರಸಂತೆಯಲ್ಲಿ ಬಸ್ಸಿಳಿದ. ಅಂದು ವಾರದ ಸಂತೆ. ಯಾವ ಯಾವ ದೇಶದಿಂದಲೋ ಮೂಟೆ ಕಟ್ಟಿ ಬಂದ ಹಳೆ ಬಟ್ಟೆಗಳನ್ನು ಟಾರ್ಪಾಲಿನ ಮೇಲೆ ರಾಶಿ ಸುರಿದು ಒಬ್ಬ ಕೂಗುತ್ತಿದ್ದ. ಬ್ಯಾರನ್ನಿನ ಬೆಂಕಿಯ ಮುಂದೆ ಬೆವರಿಗೆ ಒಂದು ಅಂಗಿ ಬೇಕಾಗಿತ್ತು. ಕೈಗೆ ಸಿಕ್ಕಿದ್ದು ಕಾಫಿ ಬಣ್ಣದ, ಭುಜದಿಂದ ಸೊಂಟಕ್ಕೆ ಅಡ್ಡ ಹಳದಿ ಪಟ್ಟೆಯಿದ್ದ, ಜಾರುವ ಬಟ್ಟೆಯ ಅಂಗಿ. ಬೆನ್ನ ಮೇಲೆ ದಪ್ಪಗೆ ನಾಲ್ಕು ಎಂಬ ಅಂಕಿ.

ಒಂದು ವರ್ಷ ಪೂರ್ತಿ ಊರವರು ಅದನ್ನು ಪೆಟ್ರೋಲ್ ಬಂಕಿನ ಯೂನಿಫಾರಂ ಅಂದುಕೊಂಡಿದ್ದರು. ಬೆಟ್ಟಸ್ವಾಮಿಯೂ ಹಾಗೇ ಅಂದುಕೊಂಡಿದ್ದ. ಹುಣಸೂರಿನ ಬಂಕಿನಲ್ಲಿ ಬೈಕಿನವನೊಬ್ಬ “ಏ ಯಜಮಾನ, ನೂರಕ್ಕೆ ಆಕು” ಎಂದಾಗ ಇವನಿಗೆ ಕೋಪ ಬರಲಿಲ್ಲ. “ನಾನು ನಾಲ್ಕನೇ ನಂಬರ್‌ನವ್ನು, ಇದು ಎರಡನೇ ಪೈಪು,” ಎಂದು ಹೇಳಿ ಬಂದಿದ್ದ. ಮನೆಗೆ ಬಂದು ಅದನ್ನೇ ಹೇಳಿಕೊಂಡು ವಾರಗಟ್ಟಲೆ ನಕ್ಕ.

ಹೋದ ಶಿವರಾತ್ರಿಗೆ ಪುಷ್ಪಾ ಬಂದಾಗ ಅಂಗಿಯ ಎದೆಯ ಮೇಲಿದ್ದ ಸವೆದ ಮುದ್ರೆಯನ್ನು ಮೊಬೈಲಿನಲ್ಲಿ ಹಿಡಿದು ಹುಡುಕಿದಳು. “ಅಪ್ಪ, ಇದು ಬಂಕಿಂದಲ್ಲ. ಫುಟ್ಬಾಲ್ ಟೀಮಿಂದು. ಉರುಗ್ವೆ ಅಂತ ದೇಶ, ಅಲ್ಲಿ ಸಾನ್ ರೋಕೆ ಅಂತ ಒಂದು ಪುಟ್ಟ ಕ್ಲಬ್ಬು. ದೊಡ್ಡ ಲೀಗಲ್ಲಿ ಆಡ್ತಾರೆ.”

“ಎಂಗವ್ರೆ?”

“ಯಾರು?”

“ಅವ್ರೇ ಕಣಮ್ಮ. ಆ ಟೀಮ್‌ನವ್ರು.”

ಪುಷ್ಪಾ ಮತ್ತೆ ನೋಡಿ, “ಸೋಲ್ತಾವ್ರೆ. ಓದ್ವರ್ಸವೂ ಸೋತವ್ರೆ. ಈ ವರ್ಸ ಸರ್ಯಾಗಿ ಆಡ್ದಿದ್ರೆ ಕೆಳಗಿನ ಲೀಗಿಗೆ ತಳ್ಬುಡ್ತಾರಂತೆ,” ಎಂದಳು.

ಬೆಟ್ಟಸ್ವಾಮಿ ಅಂಗಿಯನ್ನೇ ನೋಡುತ್ತ ಕೂತ. ಆಮೇಲೆ ಹೇಳಿದ: “ಒಂದ್ವರ್ಸದಿಂದ ಅವ್ರಂಗಿ ಆಕ್ಕೊಂಡ್ ತಿರುಗ್ತಾ ಇವ್ನಿ. ಕಷ್ಟದಲ್ಲವ್ರೆ ಅಂದ್ಮೇಲೆ ವಿಚಾರುಸ್ದೆ ಇದ್ರೆ ಆದದಾ?”

ಅಲ್ಲಿಂದ ಶುರುವಾಯಿತು.

*

ಪುಷ್ಪಾ ಬಂದಾಗ ಬಿಸಿಲು ಏರಿತ್ತು. ಬಾಗಿಲಲ್ಲೇ ಕುಸಿದು ಅಪ್ಪನ ಮೊಣಕಾಲು ಹಿಡಿದುಕೊಂಡು ಅತ್ತಳು. ಹೆಂಗಸರು ಅವಳ ಜೊತೆ ಅತ್ತರು. ಶಿವರುದ್ರಮ್ಮನ ಕಣ್ಣು ಮಾತ್ರ ಒಣಗಿಯೇ ಇತ್ತು. ಪಕ್ಕದ ಮನೆಯ ಸರ್ವಮಂಗಳ ಅವಳ ಬೆನ್ನು ಸವರುತ್ತ, “ಅತ್ಬುಡವ್ವ, ಒಳಗಿಟ್ಕಬ್ಯಾಡ,” ಎಂದಳು. ಆಮೇಲೆ ಆಚೆ ಪಕ್ಕದವಳ ಕಡೆ ವಾಲಿ, “ಪುಣ್ಯವಂತ ಬುಡಿ. ಒಂದಿನ ಮಲಗ್ಲಿಲ್ಲ, ಯಾರ ಕೈಲೂ ಒಂದ್ಮಾತು ಅನ್ನಿಸ್ಕೊಳ್ಲಿಲ್ಲ,” ಎಂದಳು.

ಅನ್ನಿಸಿಕೊಳ್ಳಲಿಲ್ಲವಂತೆ! ಶಿವರುದ್ರಮ್ಮ ಬೆನ್ನ ಮೇಲಿದ್ದ ಅವಳ ಕೈಯನ್ನು ಸರಿಸಿದಳು.

ಅಳು ತುಸು ಇಳಿದ ಮೇಲೆ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು, “ಗುಂಡಿ ಗಂಟ ಓಗಿ ಬತ್ತೀಯಾ?” ಎಂದಳು.

“ಅಲ್ಲೀಗೆ ನಾನು ಓಗ್ಬೋದಾ?”

“ನೀನು ಕೊಟ್ಟ ಮನೇವ್ಳು, ನಿಂಗೆ ಆ ಕಟ್ಟುಪಾಡಿಲ್ಲ. ಮರಿಯಯ್ಯನ್ನ ಕೇಳು, ನಿಮ್ಮಪ್ಪ ಕಡೇಗೆ ಏನಾರ ಅಂದ್ರಾ ಅಂತ.”

“ಯಾಕವ್ವ? ಏನಾಯ್ತು?”

“ಸುಮ್ಕೆ ಕೇಳ್ಕೊಂಡ್ ಬಾ ಓಗು.”

ಆಡಿದ ಮಾತನ್ನು ಮಗಳಿಗೆ ಹೇಳಲು ಅವಳಿಂದ ಆಗಲಿಲ್ಲ.

ಮರಿಯಯ್ಯ ಎದೆಮಟ್ಟದ ಗುಂಡಿಯಲ್ಲಿ ನಿಂತು ಗೋಡೆ ಸವರುತ್ತಿದ್ದ. ಮೂವತ್ತು ವರ್ಷದಿಂದ ಬೆಟ್ಟಸ್ವಾಮಿಯ ಜೊತೆ ಬ್ಯಾರನ್ನಿಗೆ ಬೆಂಕಿ ಹಾಕಿದವನು ಅವನು. ಒಬ್ಬ ಸೌದೆ ತಳ್ಳಿದರೆ ಇನ್ನೊಬ್ಬ ಒಳಗಿನ ಬಿಸಿ ನೋಡಬೇಕು. ಒಬ್ಬ ಕಣ್ಣು ಮುಚ್ಚಿದರೆ ಇನ್ನೊಬ್ಬ ತೆರೆದಿರಬೇಕು. ಬ್ಯಾರನ್ನಿನ ಹತ್ತಿರ ಇಬ್ಬರೂ ಒಂದೇ ತಟ್ಟೆಯಲ್ಲಿ ಹುರಿಗಡಲೆ ತಿನ್ನುತ್ತಿದ್ದರು. ಊರೊಳಗೆ ಬಂದರೆ ಮರಿಯಯ್ಯ ಜಗಲಿಯ ಕೆಳಗೇ ನಿಂತು ಮಾತಾಡುತ್ತಿದ್ದ. ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಬೇಡವೆಂದದ್ದೂ ಅಲ್ಲ.

ಪುಷ್ಪಾಳನ್ನು ನೋಡಿ ಅವನು ಗುದ್ದಲಿ ಕೆಳಗಿಟ್ಟ. “ಬಂದಾ ಮಗ,” ಎಂದ.

“ಮರಿಯಣ್ಣ, ಅಪ್ಪ ಕಡೇಗೆ ಏನಾದ್ರೂ ಅಂದ್ರಾ?”

“ಯಾರ್ ಕೇಳುದ್ರು?”

“ಅವ್ವ.”

ಮರಿಯಯ್ಯ ಅವಳ ಮುಖ ನೋಡಿದ. ಅವಳಿಗೆ ಜಗಳದ ವಿಷಯ ತಿಳಿಯದು ಎಂಬುದು ಅವನಿಗೆ ತಕ್ಷಣ ಗೊತ್ತಾಯಿತು. ಉತ್ತರ ಹೇಳಬೇಕಾದರೆ ಮೊದಲು ಅವ್ವ ಆಡಿದ ಮಾತನ್ನು ಹೇಳಬೇಕು. ಗಂಡ ಹೆಂಡಿರ ನಡುವಿನ ಮಾತನ್ನು ಮಗಳ ಕಿವಿಗೆ ಹಾಕಲು ತಾನು ಯಾರು?

“ಅಂದ್ರು ಕಣಮ್ಮ,” ಎಂದ ಕೊನೆಗೆ. “ಆದ್ರೆ ಅದು ಅವ್ವಾರ್ಗೇ ಏಳ್ಬೇಕಾದ್ದು. ನಾನೇ ಏಳ್ತೀನಿ ಅನ್ನು.”

“ಎಲ್ಲಿ ಏಳ್ತೀರಾ? ನೀವು ಬರಾಂಗಿಲ್ಲ, ಅವ್ವ ಬಾವಿ ದಾಟಾಂಗಿಲ್ಲ.”

“ಇವತ್ತಲ್ದಿದ್ರೆ ತಿಥಿ ಆದ್ಮೇಲೆ ಏಳ್ತೀನಿ. ಮಾತೇನ್ ಅಳ್ಸೋದದಾ?”

ಹೊರಡುವ ಮುಂಚೆ ಪುಷ್ಪಾ ಕೇಳಿದಳು, “ಟೀಮು ಏನಾಯ್ತು? ನಿನ್ನೆ ಕಡೇ ಆಟ ಅಲ್ವಾ?”

ಮರಿಯಯ್ಯನ ಮುಖದಲ್ಲಿ ನಗು ಬರಬೇಕೋ ಬೇಡವೋ ಎಂದು ತಡವರಿಸಿತು. “ಉಳ್ಕಂಡ್ರು ಕಣಮ್ಮ,” ಎಂದು ಗುದ್ದಲಿ ಎತ್ತಿಕೊಂಡ.

ಪುಷ್ಪಾ ಬಂದು ಹೇಳಿದ್ದನ್ನು ಕೇಳಿ ಶಿವರುದ್ರಮ್ಮ ಇನ್ನೂ ಕುಗ್ಗಿದಳು. ಒಳ್ಳೆಯ ಮಾತಾಗಿದ್ದರೆ ಮಗಳ ಕೈಯಲ್ಲಿ ಕಳಿಸುತ್ತಿರಲಿಲ್ಲವೇ? ಅವಳಿಗೇ ಹೇಳಬೇಕಾದ್ದು ಎಂದರೆ ಏನದು? ತಿಥಿಯವರೆಗೆ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವುದು ಹೇಗೆ? ಗಂಡನ ಕಡೆ ನೋಡಿದಳು. ಅವನು ಎಡಕ್ಕೆ, ನೆಲದ ಕಡೆ, ನೋಡುತ್ತಲೇ ಇದ್ದ.

*

ಆ ಲೀಗಿನಲ್ಲಿ ದೊಡ್ಡ ಟೀಮುಗಳ ಆಟ ಇಲ್ಲಿಯ ನಡುರಾತ್ರಿಗೆ ಬೀಳುತ್ತಿತ್ತು. ಸಾನ್ ರೋಕೆಯಂಥ ಬಡವರದು ಅಲ್ಲಿಯ ಬೆಳಿಗ್ಗೆ, ಅಂದರೆ ಇಲ್ಲಿ ದೀಪ ಹಚ್ಚುವ ಹೊತ್ತು. ಬೆಟ್ಟಸ್ವಾಮಿಗೆ ಅದು ಸರಿಹೋಯಿತು. ಜುಲೈ ಹೊತ್ತಿಗೆ ಸೊಪ್ಪು ಮುರಿದು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿದ ಮೇಲೆ ಹೇಗೂ ಅಲ್ಲಿಯೇ ವಾಸ. ಕಾಮೆಂಟ್ರಿಯ ಭಾಷೆ ಅವನಿಗೂ ಮರಿಯಯ್ಯನಿಗೂ ತಿಳಿಯುತ್ತಿರಲಿಲ್ಲ. ಕಾಮೆಂಟ್ರಿ ಹೇಳುವವನ ಅರಚಾಟ ಮಾತ್ರ ಹೊಗೆಸೊಪ್ಪಿನ ಹರಾಜು ಕೂಗುವವನ ಹಾಗಿದ್ದುದರಿಂದ ಬೆಲೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ತಿಳಿಯುತ್ತಿತ್ತು.

ಸಾನ್ ರೋಕೆಯವರ ಮೈದಾನಕ್ಕೆ ಒಂದೇ ಕಡೆ ಮೆಟ್ಟಿಲು. ಅದರಲ್ಲಿ ಕೆಳಗಿನ ಸಾಲಿನಲ್ಲಿ ಒಬ್ಬ ಮುದುಕ, ಬಗಲಲ್ಲಿ ಫ್ಲಾಸ್ಕು ಇಟ್ಟುಕೊಂಡು, ಪುಟ್ಟ ಸೋರೆ ಬುರುಡೆಯಿಂದ ಏನನ್ನೋ ಹೀರುತ್ತ ಪ್ರತಿ ಆಟಕ್ಕೂ ಕೂತಿರುತ್ತಿದ್ದ. ಕ್ಯಾಮೆರಾ ಆ ಕಡೆ ಹೋದಾಗಲೆಲ್ಲ ಬೆಟ್ಟಸ್ವಾಮಿ “ಬಂದವ್ನೆ” ಎನ್ನುತ್ತಿದ್ದ. ನಡುವೆ ಕೆಲವು ವಾರ ಆ ಜಾಗ ಖಾಲಿಯಿತ್ತು. ಬೆಟ್ಟಸ್ವಾಮಿ ಊಟಕ್ಕೆ ಕೂತು, “ಆ ಫ್ಲಾಸ್ಕಿನ್ ಯಜಮಾನ ಇವತ್ತೂ ಇಲ್ಲ. ಉಸಾರಿಲ್ವೇನೋ,” ಎಂದ.

“ಇದ್ರೇನು, ಇಲ್ದಿದ್ರೇನು? ನಿಮ್ ಅಣ್ಣನಾ ತಮ್ಮನಾ?” ಎಂದಿದ್ದಳು ಶಿವರುದ್ರಮ್ಮ. ಆದರೆ ಮಾರನೆಯ ವಾರ ಬುತ್ತಿ ತೆಗೆದುಕೊಂಡು ಹೋದಾಗ ಅವಳೇ ಮೊಬೈಲಿಗೆ ಬಗ್ಗಿ, “ಬಂದ್ನಾ ಆ ಮುದ್ಕ?” ಎಂದು ಕೇಳಿದ್ದಳು. ಅದನ್ನು ಯಾರಿಗೂ ಹೇಳಬಾರದು ಎಂದು ಮರಿಯಯ್ಯನಿಗೆ ಕಣ್ಣು ಬಿಟ್ಟಿದ್ದಳು.

ಆ ಲೀಗಿನ ಒಂದು ಕಟ್ಟಳೆ ಬೆಟ್ಟಸ್ವಾಮಿಗೆ ಬಹಳ ಹಿಡಿಸಿತ್ತು. ಯಾರನ್ನು ಕೆಳಗಿನ ದರ್ಜೆಗೆ ಇಳಿಸಬೇಕು ಎನ್ನುವುದನ್ನು ಅವರು ಒಂದೇ ವರ್ಷದ ಆಟ ನೋಡಿ ತೀರ್ಮಾನಿಸುತ್ತಿರಲಿಲ್ಲ. ಹೋದ ವರ್ಷದ್ದನ್ನೂ ಕೂಡಿಸಿ, ಸರಾಸರಿ ತೆಗೆದು, ಆಮೇಲೆ ಇಳಿಸುತ್ತಿದ್ದರು. ಪುಷ್ಪಾ ಫೋನಿನಲ್ಲಿ ಅದನ್ನು ಬಿಡಿಸಿ ಹೇಳಿದ ದಿನದಿಂದ ಬೆಟ್ಟಸ್ವಾಮಿ ಸಿಕ್ಕವರಿಗೆಲ್ಲ ಹೇಳಿದ. ಮುದ್ದೆ ಮುರಿಯುತ್ತ ಹೆಂಡತಿಗೂ ಹೇಳಿದ. “ನೋಡು, ಎಂಥಾ ನ್ಯಾಯ! ಒಂದ್ ಬೆಳೆ ಕೆಟ್ರೆ ಒಲ ಕೆಟ್ಟೋಯ್ತು ಅಂತೀವಾ? ಎಲ್ಲಾ ಕೂಡ್ಸಿ ನೋಡ್ಬೇಕು.” ಹತ್ತನೆಯ ಸಲ ಹೇಳಿದಾಗ ಅವಳು, “ಮೊದ್ಲು ಮುದ್ದೆ ನುಂಗಿ, ಆಮೇಲೆ ಕೂಡ್ಸೋರಂತೆ,” ಎಂದಳು.

ಆಗಸ್ಟಿನಲ್ಲಿ ಒಂದು ಎಡವಟ್ಟಾಯಿತು. ಸೊಪ್ಪು ಹಳದಿಗೆ ತಿರುಗುವ ಹದದಲ್ಲಿತ್ತು, ಬಿಸಿಯನ್ನು ನಿಧಾನಕ್ಕೆ ಏರಿಸಬೇಕು. ಮರಿಯಯ್ಯ ನಾದಿನಿಯ ಮನೆಗೆ ಪಿರಿಯಾಪಟ್ಟಣಕ್ಕೆ ಹೋಗಿದ್ದ. ಸಾನ್ ರೋಕೆಗೆ ಕೊನೆಯ ಗಳಿಗೆಯಲ್ಲಿ ಪೆನಾಲ್ಟಿ ಸಿಕ್ಕಿತು. ಹೊಡೆಯುವವನು ಚೆಂಡಿಟ್ಟು ಹಿಂದೆ ನಡೆದ, ರೆಫ್ರಿ ಯಾರೊಡನೆಯೋ ವಾದಕ್ಕೆ ನಿಂತ, ಮತ್ತೆ ಚೆಂಡಿಟ್ಟರು. ಅಷ್ಟರಲ್ಲಿ ತುಂಬಿಟ್ಟಿದ್ದ ಸೌದೆ ಹೊತ್ತಿಕೊಂಡು ಒಳಗೆ ಬಿಸಿ ನುಗ್ಗಿತು. ಗೋಲಾಯಿತು. ಬ್ಯಾರನ್ನಿನ ಸೊಪ್ಪು ಕಪ್ಪಾಯಿತು. ಬೆಟ್ಟಸ್ವಾಮಿ ಮಂಕಾಗಿ ಕೂತ. ಅಂದು ಶಿವರುದ್ರಮ್ಮ ಏನೂ ಅನ್ನಲಿಲ್ಲ. ಅನ್ನದೆ ಉಳಿದದ್ದು ಒಳಗೇ ಇತ್ತು.

ಅದು ಹೊರಗೆ ಬಂದದ್ದು ನಿನ್ನೆ, ಶನಿವಾರ. ಬೇಯಿಸುವ ಕೆಲಸ ಎಂದೋ ಮುಗಿದಿತ್ತು. ಸೊಪ್ಪನ್ನು ಬಣ್ಣಕ್ಕೆ ತಕ್ಕ ಹಾಗೆ ಬೇರೆ ಮಾಡಿ ಬೇಲ್ ಕಟ್ಟುವುದು ಬಾಕಿ. ಸೋಮವಾರ ಹರಾಜು ಕಟ್ಟೆಗೆ ಒಯ್ಯಬೇಕು, ಅರ್ಧ ಸೊಪ್ಪು ಹಾಗೇ ಬಿದ್ದಿತ್ತು. ಬೆಳಗಿನಿಂದ ಸೊಪ್ಪಿನ ರಾಶಿಯ ಮುಂದೆ ಕೂತು ಶಿವರುದ್ರಮ್ಮನ ಸೊಂಟ ಹಿಡಿದುಕೊಂಡಿತ್ತು. ಬೆಟ್ಟಸ್ವಾಮಿ ಮಾತ್ರ ಸಂಜೆಯಾಗುತ್ತಲೇ ಕೈ ತೊಳೆದು ನಾಲ್ಕನೇ ನಂಬರಿನ ಅಂಗಿ ಹಾಕಿಕೊಂಡು ಬಂದ. ಕೊನೆಯ ಆಟ. ಸೋತರೆ ಕೆಳಗೆ, ಸಮ ಮಾಡಿಕೊಂಡರೂ ಉಳಿಯುತ್ತಾರೆ.

ಅವಳು ಕಾಫಿ ಲೋಟ ನೆಲಕ್ಕೆ ಕುಟ್ಟಿ ಇಟ್ಟಳು. ಆಗಸ್ಟಿನ ಬ್ಯಾರನ್ ತೆಗೆದಳು, ಸಿಕ್ಕವರಿಗೆಲ್ಲ ಉರುಗ್ವೆಯ ಕತೆ ಹೇಳಿ ಊರಲ್ಲಿ ನಗೆಪಾಟಲಾದದ್ದು ತೆಗೆದಳು, ಕೊನೆಗೆ ಆ ಮಣ್ಣಿನ ಮಾತು ತೆಗೆದಳು. ಅವನು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತ. ಬಾಗಿಲು ದಾಟಿ ಹೋದ. ಬೆನ್ನ ಮೇಲಿನ ನಾಲ್ಕು ಅವಳಿಗೆ ಬಹಳ ದೂರದವರೆಗೆ ಕಂಡಿತು.

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಿದಿರಿನ ವಿಮಾನ ಕಟ್ಟಿ, ಬಾಳೆಕಂದು ನಿಲ್ಲಿಸಿ, ಬೆಟ್ಟಸ್ವಾಮಿಯನ್ನು ಅದರಲ್ಲಿ ಕೂರಿಸಿ ಎತ್ತಿದರು. ತಮಟೆಯವರು ಮುಂದೆ, ಭಜನೆಯವರು ಹಿಂದೆ. ಹೊತ್ತವರ ಹೆಜ್ಜೆಗೆ ಅವನ ಓರೆ ತಲೆ ಅಲುಗುತ್ತಿತ್ತು. ದಾರಿ ಬದಿಯ ಪ್ರತಿ ಮನೆಯನ್ನೂ ಬಗ್ಗಿ ನೋಡಿಕೊಂಡು ಹೋಗುತ್ತಿರುವ ಹಾಗಿತ್ತು. ಹಿತ್ತಲ ತಂತಿಯ ಮೇಲೆ ಕಾಫಿ ಬಣ್ಣದ ಅಂಗಿ ಒಣಗುತ್ತಿತ್ತು. ಮೈ ತೊಳೆಸುವಾಗ ಬಿಚ್ಚಿದ್ದನ್ನು ಯಾರೋ ಹಿಂಡಿ ಹಾಕಿದ್ದರು. ಶಿವರುದ್ರಮ್ಮ ಅದನ್ನು ನೋಡಿದಳು, ಮುಂದೆ ನಡೆದಳು.

ಹೊಲದ ಬಾವಿಯ ಹತ್ತಿರ ಹೆಂಗಸರು ನಿಂತರು. ವಿಮಾನ ಮುಂದೆ ಹೋಯಿತು. ಸರ್ವಮಂಗಳ ಶಿವರುದ್ರಮ್ಮನ ರಟ್ಟೆ ಹಿಡಿದು, “ಇಲ್ಲೇ ಕೈ ಮುಗ್ದ್ಬುಡವ್ವ,” ಎಂದಳು.

ಶಿವರುದ್ರಮ್ಮ ಕೈ ಬಿಡಿಸಿಕೊಂಡು ಬಾವಿ ದಾಟಿದಳು.

“ಅವ್ವಾ!” ಎಂದಳು ಪುಷ್ಪಾ. ಅವಳು ತಿರುಗಲಿಲ್ಲ.

ವೀರಭದ್ರಸ್ವಾಮಿ ದಾರಿಗೆ ಅಡ್ಡ ಬಂದ. “ಏನವ್ವ ಇದು? ನಮ್ಮನೇಲಿ ಎಂಗಸ್ರು ಬಾವಿಯಿಂದಾಚೆ ಬಂದಿಲ್ಲ ಅಂತ ಗೊತ್ತಿಲ್ವಾ? ನಮ್ಮವ್ವ ಬರ್ಲಿಲ್ಲ, ನಮ್ಮಜ್ಜಿ ಬರ್ಲಿಲ್ಲ.”

“ಗೊತ್ತು ಭಾವ.”

“ಮತ್ತೆ?”

“ನಾನು ಒಂದು ತಪ್ಪು ಮಾತಾಡ್ಬುಟ್ಟಿವ್ನಿ. ಅದು ಮಣ್ಣಾಗೋ ಮುಂಚೆ ಇತ್ಯರ್ಥ ಆಗ್ಬೇಕು.”

ವೀರಭದ್ರಸ್ವಾಮಿಗೆ ಏನೂ ಅರ್ಥವಾಗಲಿಲ್ಲ. ಅವನು ಮಣ್ಣು ಮಾಡಿಸಲು ಬಂದಿದ್ದ ಅಯ್ಯನವರ ಕಡೆ ನೋಡಿದ. ಭಸ್ಮದ ಚೀಲ ಹೆಗಲಿಗೆ ಹಾಕಿಕೊಂಡಿದ್ದ ಅಯ್ಯನವರಿಗೆ ಹೊತ್ತು ಮುಳುಗುವ ಮುಂಚೆ ಕೆಲಸ ಮುಗಿಸುವ ಆತುರ. “ಕಟ್ಟಿಕೊಂಡವಳು ಒಂದು ಹಿಡಿ ಮಣ್ಣು ಕೊಡ್ತೀನಿ ಅಂದರೆ ಶಿವ ಬೇಡ ಅಂತಾನಾ? ಬರಲಿ ಬಿಡಿ,” ಎಂದರು.

ಮರಿಯಯ್ಯ ಗುಂಡಿಯಿಂದ ಮೇಲೆ ಬಂದು, ಮಣ್ಣಿನ ರಾಶಿಯ ಆಚೆ, ದೂರದಲ್ಲಿ ನಿಂತಿದ್ದ. ಬೆಟ್ಟಸ್ವಾಮಿಯನ್ನು ಕೆಳಗಿಳಿಸಿ ಗೋಡೆಗೆ ಒರಗಿಸಿ ಕೂರಿಸಿದರು. ಗುಂಡಿಯ ಎಡಬದಿಯನ್ನು ಮರಿಯಯ್ಯ ಬಲಬದಿಗಿಂತ ತುಸು ಅಗಲವಾಗಿ ತೋಡಿದ್ದ. ಓರೆಯಾಗಿದ್ದ ತಲೆ ಎಲ್ಲಿಯೂ ತಗುಲಲಿಲ್ಲ. ರಾತ್ರಿ ಅವನನ್ನು ಎತ್ತಿ ತಂದವನಿಗೆ ಆ ಓರೆ ನೆನಪಿತ್ತು.

ಅಯ್ಯನವರು ಬಿಲ್ವಪತ್ರೆ ತೆಗೆಯುವಷ್ಟರಲ್ಲಿ ಶಿವರುದ್ರಮ್ಮ ಮಣ್ಣಿನ ರಾಶಿ ಸುತ್ತಿ ಮರಿಯಯ್ಯನ ಎದುರಿಗೆ ಹೋಗಿ ನಿಂತಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಸರೀಬ್ಯಾಡ. ಏನಂದ್ರು ಏಳು ಮರಿಯಯ್ಯ.”

ಅವನು ಸುತ್ತ ನಿಂತವರನ್ನು ನೋಡಿದ. “ಆಮೇಕೆ ಏಳ್ತೀನಿ ಕಣವ್ವ. ಎಲ್ರೂ ಅವ್ರೆ.”

“ಇರ್ಲಿ. ಒಂದಿಡಿ ಮಣ್ಣಾಕಕ್ಕೆ ಅವ್ರು ಬತ್ತಾರಾ ಅಂದೆ ನಾನು. ಸಾಯಾ ದಿನ ಅಂದೆ. ಎಲ್ರಿಗೂ ಗೊತ್ತಾಗ್ಲಿ. ಅದನ್ನ ನಿಂಗೆ ಏಳುದ್ರಾ ಅವ್ರು?”

ಭಜನೆಯವರ ತಾಳ ನಿಂತಿತು. ಪುಷ್ಪಾ ಬಾವಿಯ ಕಡೆಯಿಂದ ಓಡಿ ಬಂದು ಅವ್ವನ ಹಿಂದೆ ನಿಂತಳು.

“ಏಳುದ್ರು ಕಣವ್ವ,” ಎಂದ ಮರಿಯಯ್ಯ. “ಬಂದವ್ರು ಮಂಕಾಗಿ ಕುಂತ್ಕಂಡ್ರು. ಮೊದ್ಲು ಎದುರ್ನವ್ರು ಒಂದ್ ಗೋಲ್ ವೊಡುದ್ರು, ಅಣ್ಣ ಇನ್ನೂ ಮಂಕಾದ್ರು. ಆಮೇಕೆ ನಮ್ಮುಡುಗ್ರು ಒಂದ್ ವೊಡುದ್ರು. ಕಡೇಲಿ ನಮ್ ಕೀಪರ್ ಬಿದ್ದೋದ, ಚೆಂಡು ಒಳೀಕೆ ಓಯ್ತಾ ಅದೆ, ಆ ನಾಲ್ಕನೇ ನಂಬರ್ ಉಡ್ಗ ಎಲ್ಲಿದ್ನೋ, ಗೆರೆ ಮೇಲೆ ತಲೆ ಕೊಟ್ಬುಟ್ಟ. ಉಳ್ಕಂಡ್ರು. ಅಣ್ಣ ಎದೆ ಮೇಲಿನ್ ಅಂಗಿ ಇಡ್ಕಂಡು ನಕ್ರು ನಕ್ರು, ಕಣ್ಣಲ್ಲಿ ನೀರ್ ಬಂದ್ಬುಡ್ತು. ಆ ಫ್ಲಾಸ್ಕಿನ್ ಮುದ್ಕ ಬಂದಿದ್ದ ಕಣವ್ವ. ಅವ್ನೂ ಅಳ್ತಿದ್ದ.”

ಅವನು ಗುದ್ದಲಿಯ ಕಾವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

“ನಾನಂದೆ, ‘ಅಣ್ಣ, ಮನೇಗೋಗಿ, ಅವ್ವಾರು ಕ್ವಾಪ ಮಾಡ್ಕಂಡಿರ್ತಾರೆ’ ಅಂತ. ಅದ್ಕೆ ಅವ್ರು, ‘ಇವತ್ತು ಅವ್ಳು ಸರ್ಯಾಗೇ ವೊಡುದ್ಲು ಕಣ್ಲಾ ಮರಿಯ. ಆದ್ರೆ ಒಂದಾಟ ನೋಡಿ ಯಾರ್ನಾರ ಕೆಳೀಕೆ ಇಳುಸ್ತಾರಾ? ಎಲ್ಲಾ ವರ್ಸದ್ದೂ ಕೂಡುಸ್ಬೇಕು. ಕೂಡ್ಸುದ್ರೆ ಅವ್ಳು ಎಲ್ರಿಗಿಂತ ಮ್ಯಾಲವ್ಳೆ’ ಅಂದ್ರು.”

ಶಿವರುದ್ರಮ್ಮ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. “ಮಣ್ಣಿನ್ ಮಾತ್ಗೆ?”

“ಅದ್ಕೂ ನಕ್ರು. ‘ಅವ್ರ್ ಯಾಕ್ಲಾ ಬತ್ತಾರೆ, ಪಾಪ, ಅಷ್ಟ್ ದೂರದಿಂದ? ಮಣ್ಣಾಕಕ್ಕೆ ಅವ್ಳಿಲ್ವಾ’ ಅಂದ್ರು. ಬೇಲ್ ವಲ್ಯಕ್ಕೆ ದಾರ ತತ್ತೀನಿ ಅಂತ ನಾನು ಒಳೀಕೆ ಓದೆ. ತಿರ್ಗಿ ಬರೋ ವೊತ್ಗೆ ಅಂಗೇ ಕುಂತಿದ್ರು, ಮೊಬೈಲ್ ನೋಡ್ಕಂಡು. ಅಣ್ಣಾ ಅಂದೆ. ಓ ಅನ್ನುಲಿಲ್ಲ.”

ಆಗ ಶಿವರುದ್ರಮ್ಮನಿಗೆ ಅಳು ಬಂತು. ರಾತ್ರಿಯಿಂದ ತಡೆದು ನಿಂತದ್ದು ಒಮ್ಮೆಗೇ ಬಂತು. ಮಣ್ಣಿನ ರಾಶಿಯ ಮೇಲೇ ಕುಕ್ಕರಿಸಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಯಾರೂ ತಡೆಯಲಿಲ್ಲ. ಮರಿಯಯ್ಯ ಆ ಕಡೆ ತಿರುಗಿ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಅಯ್ಯನವರು ಆತುರ ಮರೆತು ಕಾದರು.

ಆಮೇಲೆ ಭಸ್ಮ ಇಟ್ಟರು, ಪತ್ರೆ ಹಾಕಿದರು, ಅಂಗೈಗೆ ಲಿಂಗ ಕೊಟ್ಟರು. “ಮಣ್ಣು ಕೊಡಿ ತಾಯಿ,” ಎಂದರು ಅಯ್ಯನವರು.

ಶಿವರುದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಬಲಗೈಯಲ್ಲಿ ಹಿಡಿ ತುಂಬ ಮಣ್ಣು ತೆಗೆದುಕೊಂಡು ಗಂಡನ ಮುಂದೆ, ಮಡಿಲ ಹತ್ತಿರ ಬಿಟ್ಟಳು. ವೀರಭದ್ರಸ್ವಾಮಿ ತನ್ನ ಸರದಿಗೆ ಬಗ್ಗಿದ. ಅವಳು ಪಕ್ಕಕ್ಕೆ ಸರಿಯಲಿಲ್ಲ. ಮತ್ತೆ ಬಗ್ಗಿ ಇನ್ನೊಂದು ಹಿಡಿ ತೆಗೆದುಕೊಂಡಳು. ಅದರಲ್ಲಿದ್ದ ಒಂದು ಹೆಂಟೆಯನ್ನು ಬೆರಳಲ್ಲಿ ಒಡೆದು ಪುಡಿ ಮಾಡಿದಳು.

“ಕೊಟ್ಟಾಯ್ತಲ್ಲವ್ವ. ಇದು ಯಾರ್ದು?” ಎಂದ ವೀರಭದ್ರಸ್ವಾಮಿ.

“ಬರಕ್ಕಾಗ್ದೇ ಇರೋರ್ದು.”

ಗುಂಡಿಯ ಅಂಚಿನಲ್ಲಿ ನಾಲ್ಕು ಹೆಜ್ಜೆ ಸುತ್ತಿ ಅವಳು ಎಡಗಡೆಗೆ ಬಂದಳು, ಅವನ ಮುಖ ತಿರುಗಿದ್ದ ಕಡೆಗೆ. ಅಲ್ಲಿ ಮೊಣಕಾಲೂರಿ ಕೂತು, ಕೈ ಚಾಚಿ, ಅವನ ನೋಟ ಬೀಳುವ ಜಾಗದಲ್ಲಿ ಆ ಮಣ್ಣನ್ನು ಮೆಲ್ಲಗೆ ಸುರಿದಳು.